ಪ್ಯಾನ್ ಏಷ್ಯನ್ ಹೋಟೆಲಿಗೆ ಇಬ್ಬರು ಹೋದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬರು ಕಾರವಾರದ ಕಡೆಯವರು, ಮೀನಿಲ್ಲದಿದ್ದರೆ ಊಟ ಸೇರದು. ಇನ್ನೊಬ್ಬರು ಶಿರಸಿ ಕಡೆಯವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆದರೂ ಇಬ್ಬರೂ ಒಂದೇ ಮೇಜಿಗೆ ಕೂತು ಉಣ್ಣಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಸ್ನೇಹಿತರು ಸಾಮಾನ್ಯ. ಕೆಳಗಿನ ಉತ್ತರಗಳನ್ನು ಅವರನ್ನೇ ಎದುರಿಗಿಟ್ಟುಕೊಂಡು ಬರೆದಿದೆ.

ಪ್ಯಾನ್ ಏಷ್ಯನ್ ಎಂದರೆ ಚೈನೀಸೇ ಅಲ್ಲವೇ?

ಅಲ್ಲ. ಸಂಜೆ ಗಾಡಿಗಳಲ್ಲಿ ಸಿಗುವ ಗೋಬಿ ಮಂಚೂರಿ, ಚಿಲ್ಲಿ ಚಿಕನ್, ಹಕ್ಕಾ ನೂಡಲ್ಸ್ ಎಲ್ಲ ಭಾರತದಲ್ಲೇ ರೂಪುಗೊಂಡವು. ಕೋಲ್ಕತ್ತದಲ್ಲಿ ನೆಲೆಸಿದ ಚೀನೀಯರ ಅಡುಗೆಯಿಂದ ಆ ದಾರಿ ಶುರುವಾಯಿತು. ಪ್ಯಾನ್ ಏಷ್ಯನ್ ಮೆನುವಿನಲ್ಲಿ ಅವುಗಳ ಪಕ್ಕದಲ್ಲೇ ಥಾಯ್ಲೆಂಡಿನ ಹುಳಿ ಸೂಪು ಟಾಮ್ ಯಮ್, ತೆಂಗಿನಹಾಲಿನ ಗ್ರೀನ್ ಕರಿ, ಜಪಾನಿನ ಸುಶಿ (ಅನ್ನದ ಜೊತೆ ಹೆಚ್ಚಾಗಿ ಹಸಿ ಮೀನು), ಸಾರಿನಲ್ಲಿ ಬರುವ ಶ್ಯಾವಿಗೆ ರಾಮೆನ್, ಕೊರಿಯಾದ ಹುದುಗಿಸಿದ ಎಲೆಕೋಸು ಕಿಮ್ಚಿ, ಇಂಡೋನೇಷ್ಯಾದ ಹುರಿದ ಅನ್ನ ನಾಸಿ ಗೊರೆಂಗ್, ಟಿಬೆಟಿನ ಕಡುಬು ಮೊಮೊ ಇರುತ್ತವೆ.

ಇಷ್ಟೊಂದು ನಾಡುಗಳ ಅಡುಗೆಯನ್ನು ಒಂದು ಸಣ್ಣ ಅಡುಗೆಮನೆ ಸಮನಾಗಿ ಮಾಡಲಾರದು. ಹಾಗಾಗಿ ಮೆನು ಕೈಗೆ ಬಂದಾಗ ಯಾವುದು ಯಾವ ಒಲೆಯಿಂದ ಬರುತ್ತದೆ ಎಂದು ಯೋಚಿಸಿ. ಚೈನೀಸ್, ಥಾಯ್, ಇಂಡೋನೇಷ್ಯನ್ ತಿನಿಸುಗಳಲ್ಲಿ ಹೆಚ್ಚಿನವು ದೊಡ್ಡ ಉರಿಯ ಮೇಲಿನ ವಾಕ್ ಬಾಣಲೆಯಲ್ಲೇ ಆಗುತ್ತವೆ. ಮೊಮೊ, ಚೀನೀ ಕಡುಬು ಡಿಮ್ ಸಮ್ ಎರಡಕ್ಕೂ ಹಬೆಪಾತ್ರೆ ಒಂದೇ. ಸುಶಿಗೆ ಮಾತ್ರ ಬೇರೆ ಅಕ್ಕಿ, ಬೇರೆ ಚಾಕು, ಬೇರೆ ಫ್ರಿಜ್, ಬೇರೆ ಕೈ ಬೇಕು. ನೂರಿಪ್ಪತ್ತು ಐಟಂ ಇರುವ ಮೆನುವಿನಲ್ಲಿ ಸುಶಿ ನಾಲ್ಕೇ ನಾಲ್ಕು ಇದ್ದರೆ ಅದನ್ನು ಬಿಟ್ಟು ವಾಕ್‌ನದ್ದು ತರಿಸುವುದು ಜಾಣತನ.

ಏಷ್ಯಾದ ಅಡುಗೆ ಈ ಜಿಲ್ಲೆಗೆ ಹೊಸದೂ ಅಲ್ಲ. ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ 1966ರಿಂದ ಇದೆ. ಮೊಮೊ, ಶ್ಯಾವಿಗೆ ಸೂಪು ತುಕ್ಪಾ, ಹಬೆಯಲ್ಲಿ ಬೆಂದ ಬನ್ನು ಟಿಂಗ್ಮೊ ಅಲ್ಲಿಯ ಮನೆ ಊಟ. ಮೊಮೊದ ಹದ ತಿಳಿಯಬೇಕೆಂದಿದ್ದರೆ ಅಲ್ಲಿ ಒಮ್ಮೆ ತಿಂದು ಬನ್ನಿ.

ಇಬ್ಬರಿಗೆ ಎಷ್ಟು ತರಿಸಬೇಕು?

ಒಂದು ಸೂಪು ಬೈ-ಟು, ಒಂದು ಸ್ಟಾರ್ಟರ್, ಒಂದು ಗ್ರೇವಿ, ಒಂದು ಅನ್ನ ಅಥವಾ ನೂಡಲ್ಸ್. ಹೆಚ್ಚಿನ ಕಡೆ ಇಬ್ಬರಿಗೆ ಇಷ್ಟು ಸಾಕು. ಒಂದು ಪ್ಲೇಟ್ ಫ್ರೈಡ್ ರೈಸ್ ಅಂದಾಜು ಒಂದೂವರೆ ಜನರ ಊಟ. ಮೊಮೊ ಪ್ಲೇಟಿಗೆ ಆರೋ ಎಂಟೋ ಇರುತ್ತವೆ, ಮೊದಲೇ ಕೇಳಿಕೊಳ್ಳಿ. ರಾಮೆನ್, ವಿಯೆಟ್ನಾಮಿನ ಫೋ, ಮಲೇಷ್ಯಾದ ಲಕ್ಸಾ ಇವು ಸೂಪಿನ ಹೆಸರಿನಲ್ಲಿದ್ದರೂ ಶ್ಯಾವಿಗೆ ಸೇರಿದ ಪೂರ್ತಿ ಊಟ. ಅವನ್ನು ತರಿಸಿದರೆ ಮೇಲೆ ಬೇರೆ ಅನ್ನ ಬೇಡ.

ಒಬ್ಬರು ಸಸ್ಯಾಹಾರಿಯಾಗಿದ್ದರೆ ಲೆಕ್ಕ ಬದಲಾಗುತ್ತದೆ. ಅನ್ನ, ನೂಡಲ್ಸ್, ಸೂಪು ಈ ಮೂರನ್ನೂ ವೆಜ್ ತರಿಸಿ ಹಂಚಿಕೊಳ್ಳಿ. ಮೀನು ತಿನ್ನುವವರು ತಮಗೆಂದು ಒಂದು ಸಿಗಡಿಯದ್ದೋ ಮೀನಿನದ್ದೋ ಸ್ಟಾರ್ಟರ್ ಬೇರೆ ತಟ್ಟೆಯಲ್ಲಿ ತರಿಸಲಿ. ಸಿಗಡಿ ಫ್ರೈಡ್ ರೈಸ್ ತರಿಸಿ ‘ಸಿಗಡಿ ತೆಗೆದು ತಿನ್ನು’ ಎಂದು ಹೇಳುವುದು ಸ್ನೇಹಕ್ಕೆ ತಕ್ಕ ಮಾತಲ್ಲ.

ಎಲ್ಲವೂ ಒಟ್ಟಿಗೇ ಬಂದು ತಣ್ಣಗಾಗುತ್ತದೆ. ಏನು ಮಾಡಬೇಕು?

ಎಲ್ಲವನ್ನೂ ಒಟ್ಟಿಗೇ ಹೇಳಬೇಡಿ. ವಾಕ್‌ನಲ್ಲಿ ಒಂದು ತಿನಿಸು ಐದಾರು ನಿಮಿಷದಲ್ಲಿ ಆಗಿಬಿಡುತ್ತದೆ, ಹಬೆಯ ಮೊಮೊಗೆ ಹತ್ತು ಹದಿನೈದು ನಿಮಿಷ ಬೇಕು. ಎಲ್ಲ ಸೇರಿಸಿ ಹೇಳಿದರೆ ನೂಡಲ್ಸ್ ಮೊದಲು ಬಂದು, ಮೊಮೊ ಕೊನೆಗೆ ಬರುತ್ತದೆ. ಮೊದಲು ಸೂಪು, ಸ್ಟಾರ್ಟರ್ ಮಾತ್ರ ಹೇಳಿ. ಸ್ಟಾರ್ಟರ್ ಅರ್ಧ ಮುಗಿದಾಗ ಉಳಿದದ್ದು ಹೇಳಿ.

ಯಾವುದನ್ನು ಸ್ವಲ್ಪ ಹೊತ್ತು ಇಡಬಹುದು, ಯಾವುದನ್ನು ಇಡಬಾರದು ಎಂಬುದೂ ಗೊತ್ತಿರಲಿ. ಥಾಯ್ ಕರಿ ಹದಿನೈದು ನಿಮಿಷ ಇಟ್ಟರೂ ಕೆಡುವುದಿಲ್ಲ. ರಾಮೆನ್ ಶ್ಯಾವಿಗೆ ಬಿಸಿ ಸಾರಿನಲ್ಲೇ ಬೇಯುತ್ತ ಹೋಗುವುದರಿಂದ ಐದಾರು ನಿಮಿಷಕ್ಕೇ ಮೆತ್ತಗಾಗುತ್ತದೆ. ಪ್ಯಾಡ್ ಥಾಯ್ ಅಕ್ಕಿಯ ಶ್ಯಾವಿಗೆಯದ್ದು, ಆರಿದರೆ ಗಂಟು ಕಟ್ಟುತ್ತದೆ. ಹಿಟ್ಟಿನಲ್ಲಿ ಅದ್ದಿ ಕರಿದ ಜಪಾನಿನ ಟೆಂಪುರಾ ಗರಿ ಕಳೆದುಕೊಳ್ಳುವುದಕ್ಕೆ ನಮ್ಮ ಕರಾವಳಿಯ ಗಾಳಿಯ ತೇವವೊಂದೇ ಸಾಕು. ಫೋಟೋ ತೆಗೆಯುವುದಿದ್ದರೆ ಕರಿಯದ್ದು ತೆಗೆಯಿರಿ, ಟೆಂಪುರಾ ಬಂದ ಕೂಡಲೇ ತಿನ್ನಿ.

ವೆಜ್ ಎಂದು ಬರೆದಿದ್ದರೆ ಸಸ್ಯಾಹಾರಿಗಳು ನಂಬಿ ತಿನ್ನಬಹುದೇ?

ಕೇಳದೆ ತಿನ್ನಬಾರದು. ಇದು ಹೋಟೆಲಿನವರು ಮೋಸ ಮಾಡುತ್ತಾರೆ ಎಂಬ ಮಾತಲ್ಲ. ಈ ಅಡುಗೆಗಳ ಮೂಲ ರುಚಿಯೇ ಮೀನಿನಿಂದ ಬರುವಂಥದ್ದು. ತಟ್ಟೆಯಲ್ಲಿ ತುಂಡು ಕಾಣದಿದ್ದರೂ ರಸದಲ್ಲಿ ಇರುತ್ತದೆ.

ಫಿಶ್ ಸಾಸ್ ಎಂದರೆ ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹಾಕಿಟ್ಟು ತೆಗೆದ ನೀರು. ಥಾಯ್ ಮತ್ತು ವಿಯೆಟ್ನಾಮಿ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಅದೇ ಬೀಳುತ್ತದೆ. ಪ್ಯಾಡ್ ಥಾಯ್, ಹಸಿ ಪಪ್ಪಾಯಿ ಸಲಾಡ್ ಎರಡರಲ್ಲೂ ಇದೆ. ಗ್ರೀನ್ ಕರಿ, ರೆಡ್ ಕರಿ ಪೇಸ್ಟಿನಲ್ಲಿ ಸಾಮಾನ್ಯವಾಗಿ ಸಿಗಡಿ ಅರೆದು ಹಾಕಿರುತ್ತಾರೆ. ಆಯ್ಸ್ಟರ್ ಸಾಸ್ ಸಿಂಪಿಯ ಮಾಂಸದ ರಸ, ಚೀನೀ ಸೊಪ್ಪು-ಅಣಬೆ ಪಲ್ಯಗಳಿಗೆ ಅದನ್ನು ಹಾಕುತ್ತಾರೆ. ಜಪಾನಿನ ಮಿಸೊ ಸೂಪಿನ ಮಿಸೊ ಹುದುಗಿಸಿ ಅರೆದ ಸೋಯಾ ಕಾಳಿನದೇ ಆದರೂ ಅದರ ನೀರು ದಾಶಿ, ಅಂದರೆ ಒಣಗಿಸಿ ಹೆರೆದ ಬೊನಿಟೊ ಮೀನಿನ ಸಾರು. ಕಿಮ್ಚಿಯಲ್ಲಿ ಉಪ್ಪು ಹಾಕಿದ ಸಿಗಡಿ ಅಥವಾ ಫಿಶ್ ಸಾಸ್ ಇರುವುದೇ ಹೆಚ್ಚು. ವೆಜ್ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕುವ ಅಡುಗೆಮನೆಗಳೂ ಇವೆ. ಕೆಲವು ನೂಡಲ್ಸ್ ಹಿಟ್ಟಿನಲ್ಲಿ, ಟೆಂಪುರಾ ಹಿಟ್ಟಿನಲ್ಲಿ, ಮೊಮೊ ಜೊತೆ ಕೊಡುವ ಮೇಯೊನೇಸಿನಲ್ಲಿ ಮೊಟ್ಟೆ ಇರಬಹುದು.

‘ಇದು ವೆಜ್ಜಾ?’ ಎಂದು ಕೇಳಿದರೆ ‘ಹೌದು’ ಎಂದೇ ಉತ್ತರ ಬರುತ್ತದೆ. ಪ್ರಶ್ನೆಯನ್ನು ಬಿಡಿಸಿ ಕೇಳಿ:

‘ಅಣ್ಣಾ, ಈ ಸೂಪಿನ ನೀರು ಕೋಳಿದ್ದಾ, ತರಕಾರಿದ್ದಾ?’
‘ಕರಿ ಪೇಸ್ಟ್ ನೀವೇ ಅರೆಯುವುದಾ, ಡಬ್ಬಿಯದ್ದಾ? ಡಬ್ಬಿ ಮೇಲೆ ಹಸಿರು ಚುಕ್ಕೆ ಇದೆಯಾ?’
‘ಫಿಶ್ ಸಾಸ್, ಆಯ್ಸ್ಟರ್ ಸಾಸ್ ಬಿಟ್ಟು ಬರೀ ಸೋಯಾ ಸಾಸಿನಲ್ಲಿ ಮಾಡಿಕೊಡ್ತೀರಾ?’
‘ವೆಜ್ಜಿಗೆ ಬೇರೆ ಬಾಣಲೆ, ಬೇರೆ ಎಣ್ಣೆ ಇದೆಯಾ?’

ಇವುಗಳಲ್ಲಿ ಹಸಿರು ಚುಕ್ಕೆಯ ಪ್ರಶ್ನೆಗೇ ಬೆಲೆ ಹೆಚ್ಚು. ನಮ್ಮ ದೇಶದಲ್ಲಿ ಡಬ್ಬಿ ಆಹಾರದ ಮೇಲೆ ಆ ಗುರುತು ಕಡ್ಡಾಯ, ಮೊಟ್ಟೆಯಿದ್ದರೂ ಹಸಿರು ಚುಕ್ಕೆ ಹಾಕುವಂತಿಲ್ಲ. ಡಬ್ಬಿ ತಂದು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಅಡುಗೆಯವರು ನೇಪಾಳದವರೋ ಈಶಾನ್ಯದವರೋ ಆಗಿದ್ದರೆ ಇದೇ ಪ್ರಶ್ನೆಗಳನ್ನು ಹಿಂದಿಯಲ್ಲಿ ಕೇಳಬೇಕಾದೀತು. ಕರಿದ ತಿಂಡಿಗೆ ಎಣ್ಣೆ ಒಂದೇ ಎಂಬ ಉತ್ತರ ಬಂದರೆ ಹಬೆಯಲ್ಲಿ ಬೇಯಿಸಿದ್ದನ್ನು ಆರಿಸಿ, ಆದರೆ ಹಬೆಪಾತ್ರೆಯ ತಟ್ಟೆ ಬೇರೆಯೇ ಎಂದೂ ಕೇಳಿ.

ನೀರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಏನಾದರೂ ಸಿಗುತ್ತದೆಯೇ?

ಕಷ್ಟ. ಸಾಸು, ಚಟ್ನಿ, ಕರಿ ಪೇಸ್ಟ್ ಎಲ್ಲದರಲ್ಲೂ ಬೆಳ್ಳುಳ್ಳಿ ಮೊದಲೇ ಸೇರಿರುತ್ತದೆ. ಸೌತೆಕಾಯಿ ಸುಶಿ ರೋಲ್, ಶುಂಠಿ-ಸೋಯಾ ಹಾಕಿದ ಹಬೆಯ ತರಕಾರಿ, ಬರೀ ಅನ್ನ ಇಷ್ಟನ್ನು ಕೇಳಬಹುದು. ವ್ರತದ ದಿನ ಈ ಊಟ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಕರಾವಳಿಯ ಸ್ನೇಹಿತರಲ್ಲೂ ಸೋಮವಾರ ಅಥವಾ ಶ್ರಾವಣದಲ್ಲಿ ಮೀನು ಬಿಡುವವರು ಬಹಳ ಇದ್ದಾರೆ, ದಿನ ಗೊತ್ತುಮಾಡುವ ಮೊದಲು ಒಂದು ಮಾತು ಕೇಳಿ.

ಕಾರವಾರದಲ್ಲಿ ಆಗಷ್ಟೇ ಬಲೆಯಿಂದ ಬಂದ ಮೀನು ಸಿಗುತ್ತದಲ್ಲ, ಸುಶಿಗೆ ಅದಕ್ಕಿಂತ ಒಳ್ಳೆಯದು ಯಾವುದು?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ, ಅತಿ ಹೆಚ್ಚು ತಪ್ಪು ತಿಳಿವಳಿಕೆಯೂ ಇಲ್ಲೇ. ತಾಜಾ ಮೀನು ಬೇರೆ, ಹಸಿಯಾಗಿ ತಿನ್ನಬಹುದಾದ ಮೀನು ಬೇರೆ.

ಕಡಲ ಮೀನಿನ ಹೊಟ್ಟೆಯಲ್ಲಿ, ಕೆಲವೊಮ್ಮೆ ಮಾಂಸದಲ್ಲಿ ಅನಿಸಾಕಿಸ್ ಎಂಬ ಹುಳುವಿನ ಮರಿಗಳು ಇರಬಹುದು. ಮೀನು ಎಷ್ಟು ತಾಜಾ ಇದ್ದರೂ ಅವು ಬದುಕಿಯೇ ಇರುತ್ತವೆ. ಬೇಯಿಸಿದರೆ ಸಾಯುತ್ತವೆ, ಹಾಗಾಗಿ ನಮ್ಮ ಸಾರು, ಫ್ರೈಗೆ ಆ ಭಯವಿಲ್ಲ. ಹಸಿಯಾಗಿ ಕೊಡುವ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗಿಸಿ ಅದೇ ತಂಪಿನಲ್ಲಿ 15 ಗಂಟೆ ಇಡಬೇಕೆಂದು ಅಮೆರಿಕದ ಆಹಾರ ಇಲಾಖೆಯ ನಿಯಮ ಹೇಳುತ್ತದೆ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ, ಬಾಗಿಲು ತೆಗೆದಾಗಲೆಲ್ಲ ಏರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ನಮ್ಮಲ್ಲಂತೂ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಎರಡನೆಯದು ಬಂಗುಡೆ, ಟ್ಯೂನಾ ಜಾತಿಯ ಮೀನುಗಳ ಸ್ವಭಾವ. ಹಿಡಿದ ಮೇಲೆ ಐಸಿಲ್ಲದೆ ಬಿಸಿಲಲ್ಲಿ ಉಳಿದರೆ ಅವುಗಳಲ್ಲಿ ಹಿಸ್ಟಮೀನ್ ಕೂಡಿಕೊಳ್ಳುತ್ತದೆ. ತಿಂದವರ ಮುಖ ಕೆಂಪಾಗಿ, ತಲೆ ಸಿಡಿದು, ಮೈಯೆಲ್ಲ ತುರಿಸುತ್ತದೆ. ಈ ವಿಷ ಬೇಯಿಸಿದರೂ ಹೋಗದು, ಐಸಿನಲ್ಲಿಟ್ಟರೂ ಹೋಗದು.

ಆದ್ದರಿಂದ ಕೇಳಬೇಕಾದದ್ದು ‘ಮೀನು ಇವತ್ತಿನದ್ದಾ?’ ಎಂದಲ್ಲ. ‘ಸುಶಿಯ ಮೀನು ಎಲ್ಲಿಂದ ತರಿಸುತ್ತೀರಿ, ಫ್ರೋಜನ್ ಬರುತ್ತದೆಯಾ?’ ಎಂದು ಕೇಳಿ. ‘ಇಲ್ಲೇ ಮಾರ್ಕೆಟಿನದು, ಬೆಳಿಗ್ಗೆ ತಂದದ್ದು’ ಎಂದು ಹೆಮ್ಮೆಯಿಂದ ಹೇಳಿದರೆ ಆ ಮೀನನ್ನು ಹುರಿಸಿ ತಿನ್ನಿ, ಹಸಿಯಾಗಿ ಬೇಡ. ಸುಶಿ ತಿನ್ನಲೇಬೇಕೆನಿಸಿದರೆ ಸಿಗಡಿ ಟೆಂಪುರಾ ರೋಲ್, ಸೌತೆಕಾಯಿ ರೋಲ್, ಬೆಣ್ಣೆಹಣ್ಣಿನ ರೋಲ್ ಇವೆ, ಇವುಗಳಲ್ಲಿ ಹಸಿ ಮೀನಿಲ್ಲ. ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳು ಹಸಿ ಮೀನು ತಿನ್ನಲೇಬಾರದು.

ಜೂನ್–ಜುಲೈನಲ್ಲಿ ಮೀನಿನ ಐಟಂ ತರಿಸಬಹುದೇ?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದೆ. ಆಗ ಹೋಟೆಲಿನ ಸಿಗಡಿ ಫ್ರೋಜನ್ ಅಥವಾ ಕೆರೆಯಲ್ಲಿ ಸಾಕಿದ್ದು ಎಂದುಕೊಳ್ಳಿ. ಸಾಸಿನಲ್ಲಿ ಹುರಿಯುವ ತಿನಿಸಿಗೆ ಅದು ಪರವಾಗಿಲ್ಲ. ಇಡೀ ಮೀನನ್ನು ಶುಂಠಿ, ಸೋಯಾ ಹಾಕಿ ಹಬೆಯಲ್ಲಿ ಬೇಯಿಸುವ ಚೀನೀ ಅಡುಗೆಯನ್ನು ಮಾತ್ರ ಆಗಸ್ಟ್ ಕಳೆದ ಮೇಲೆ ತಿನ್ನಿ. ಅಲ್ಲಿ ಮಸಾಲೆಯ ಮರೆ ಇಲ್ಲ, ಮೀನಿನ ಹಳತು ಮೊದಲ ತುತ್ತಿಗೇ ಗೊತ್ತಾಗುತ್ತದೆ.

ಟಾಮ್ ಯಮ್‌ನಲ್ಲಿ ಬರುವ ಕಡ್ಡಿ, ಎಲೆ ತಿನ್ನಬೇಕೇ?

ಬೇಡ. ಮೀನು ಸಾರಿನಲ್ಲಿ ತೆಪ್ಪಲ್ ಕಾಯಿ ಬದಿಗಿಡುವ ಹಾಗೆ ಬದಿಗಿಡಿ. ಕಡ್ಡಿ ಮಜ್ಜಿಗೆ ಹುಲ್ಲಿನದ್ದು, ಶುಂಠಿಯಂತೆ ಕಾಣುವ ಗಟ್ಟಿ ಬಿಲ್ಲೆ ಗಲಾಂಗಲ್, ನಮ್ಮ ಕಡೆ ಔಷಧಿಗೆ ಬಳಸುವ ದುಂಪರಾಸ್ಮೆ. ಎಲೆ ಒಂದು ಜಾತಿಯ ಲಿಂಬುವಿನದ್ದು. ಇವು ಪರಿಮಳ ಬಿಟ್ಟುಕೊಟ್ಟರೆ ಅವುಗಳ ಕೆಲಸ ಮುಗಿಯಿತು.

ಟಾಮ್ ಯಮ್ ಹುಳಿ ಮುಂದಾದ ಸೂಪು. ಅಪ್ಪೆಹುಳಿ ಕುಡಿದು ಬೆಳೆದ ನಾಲಿಗೆಗೆ ಇದು ಬೇಗ ಒಗ್ಗುತ್ತದೆ. ಇದನ್ನು ಊಟದ ಮೊದಲೇ ಕುಡಿದು ಮುಗಿಸದೆ ಅನ್ನದ ಜೊತೆ ನಡುನಡುವೆ ಕುಡಿಯಿರಿ, ಥಾಯ್ಲೆಂಡಿನಲ್ಲಿ ಹಾಗೆಯೇ. ಇದರ ಖಾರ ಸೂಜಿಮೆಣಸಿನಂಥ ಸಣ್ಣ ಮೆಣಸಿನದ್ದು, ತಡವಾಗಿ ಏರುತ್ತದೆ. ಮೊದಲ ಚಮಚಕ್ಕೆ ‘ಖಾರವೇ ಇಲ್ಲ’ ಎಂದು ಇನ್ನಷ್ಟು ಮೆಣಸು ಹಾಕಿಸಿಕೊಳ್ಳಬೇಡಿ. ಏರಿಬಿಟ್ಟರೆ ನೀರು ಕುಡಿದು ಪ್ರಯೋಜನವಿಲ್ಲ, ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ. ಮೊಸರು, ಹಾಲು, ಅದಿಲ್ಲದಿದ್ದರೆ ತೆಂಗಿನಹಾಲಿನ ಕರಿಯ ಎರಡು ಚಮಚ ತೆಗೆದುಕೊಳ್ಳಿ.

ಗ್ರೀನ್ ಕರಿಯ ತೆಂಗಿನಹಾಲು ನೋಡಿ ನಮ್ಮ ಸಾರಿನ ಹದವನ್ನು ನಿರೀಕ್ಷಿಸಬಾರದು. ಅದು ತೆಳ್ಳಗೆ, ಸ್ವಲ್ಪ ಸಿಹಿ, ಹುರಿದ ಕೊತ್ತಂಬರಿಯ ಗಾಢತೆ ಇಲ್ಲದ್ದು. ಪರಿಮಳ ಹಸಿ ಎಲೆಗಳದ್ದು.

ಶೆಜ್ವಾನ್ ಎಂದರೆ ಬರೀ ಖಾರವೇ?

ನಮ್ಮಲ್ಲಿ ಹಾಗಾಗಿದೆ. ಇಲ್ಲಿಯ ಶೆಜ್ವಾನ್ ಚಟ್ನಿ ಒಣಮೆಣಸು, ಬೆಳ್ಳುಳ್ಳಿ, ಎಣ್ಣೆಯದ್ದು. ಚೀನಾದ ಸಿಚುವಾನ್ ಪ್ರಾಂತದ ಅಡುಗೆಯ ಗುರುತು ನಾಲಿಗೆ ಜುಮ್ಮೆನಿಸುವ ಒಂದು ಕಾಳು, ಸಿಚುವಾನ್ ಪೆಪ್ಪರ್. ಕಾರವಾರ, ಅಂಕೋಲಾ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬಂಗುಡೆ ಸಾರಿಗೆ ಹಾಕುವ ತೆಪ್ಪಲ್, ಕೆಲವೆಡೆ ಜುಮ್ಮನಕಾಯಿ ಎನ್ನುವುದು, ಅದೇ ಜ಼್ಯಾಂಥಾಕ್ಸಿಲಮ್ ಕುಲದ ಸೋದರ. ಎರಡರಲ್ಲೂ ಬೀಜ ಬಿಸಾಡಿ ಸಿಪ್ಪೆ ಬಳಸುತ್ತಾರೆ. ಮೆನುವಿನಲ್ಲಿ ಮಾಪೊ ತೋಫು (ಸೋಯಾ ಪನೀರಿನ ಖಾರದ ತಿನಿಸು) ಇದ್ದರೆ ‘ಸಿಚುವಾನ್ ಪೆಪ್ಪರ್ ಹಾಕುತ್ತೀರಾ?’ ಎಂದು ಕೇಳಿ. ಹಾಕುವ ಅಡುಗೆಮನೆ ಕೆಲಸ ಬಲ್ಲದ್ದು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ, ತೋಫು ಎಂದ ಮಾತ್ರಕ್ಕೆ ಮಾಪೊ ತೋಫು ವೆಜ್ ಅಲ್ಲ. ಮೂಲದಲ್ಲಿ ಕೊಚ್ಚಿದ ಮಾಂಸ ಹಾಕುತ್ತಾರೆ.

ಗೋಬಿ ಕೆಂಪಗಿದ್ದರೆ ಬಣ್ಣ ಹಾಕಿದ್ದಾರೆಂದೇ ಅರ್ಥವೇ?

ಹಾಗೇನಿಲ್ಲ. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸು ಅರೆದು ಹಾಕಿದರೂ ಚೆನ್ನಾದ ಕೆಂಪು ಬರುತ್ತದೆ. ಅದು ಇಟ್ಟಿಗೆಯ ಕೆಂಪು, ಎಣ್ಣೆಯಲ್ಲಿ ಕಿತ್ತಳೆಯಾಗಿ ಬಿಡುತ್ತದೆ. ಕಣ್ಣಿಗೆ ಹೊಡೆಯುವ ಗುಲಾಬಿಗೆಂಪು, ಟಿಶ್ಯೂ ಮೇಲೆ ಉಳಿಯುವ ಗುಲಾಬಿ ಕಲೆ ಕಂಡರೆ ಅನುಮಾನಪಡಿ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಅದೇ ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ‘ಕಲರ್ ಹಾಕಬೇಡಿ’ ಎಂದು ಕೋರುವ ಅಗತ್ಯವೇ ಇರಬಾರದು.

ಅಜಿನೊಮೊಟೊ ಬೇಡ ಎನ್ನಬೇಕೇ?

ಬೇಡವೆನಿಸಿದರೆ ಹೇಳಿ, ಆದರೆ ಹೆದರಬೇಕಿಲ್ಲ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲ ಪಾಚಿಯಿಂದ ಬೇರ್ಪಡಿಸಿದ ರುಚಿಯ ಉಪ್ಪು ಇದು. ಇದರಲ್ಲಿರುವ ಗ್ಲುಟಮೇಟ್ ಟೊಮೆಟೊದಲ್ಲೂ ಇದೆ. ಮಿತವಾಗಿ ಬಳಸಿದರೆ ಹೆಚ್ಚಿನವರಿಗೆ ತೊಂದರೆಯಿಲ್ಲ.

ನಿಜವಾಗಿ ಲೆಕ್ಕ ಇಡಬೇಕಾದದ್ದು ಸೋಯಾ ಸಾಸು. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಎಂದರೆ ಎರಡು ಗ್ರಾಂ ದಾಟಿದ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇಡೀ ದಿನದ ಮಿತಿ 5 ಗ್ರಾಂಗಿಂತ ಕಡಿಮೆ. ಬಿಪಿ ಇರುವವರು ಮೇಜಿನ ಮೇಲಿನ ಬಾಟಲಿ ಮುಟ್ಟದಿರಲಿ, ರಾಮೆನ್ ಸಾರನ್ನು ಬಟ್ಟಲಲ್ಲೇ ಬಿಡಲಿ.

ಕಡ್ಡಿಯಲ್ಲಿ ತಿನ್ನುವುದು ಹೇಗೆ?

ಒಂದು ಕಡ್ಡಿಯನ್ನು ಹೆಬ್ಬೆರಳಿನ ಬುಡದ ಸಂದಿನಲ್ಲಿ ಇಟ್ಟು ಉಂಗುರ ಬೆರಳಿನ ಮೇಲೆ ಒರಗಿಸಿ. ಇದು ಅಲುಗಾಡಬಾರದು. ಇನ್ನೊಂದನ್ನು ಪೆನ್ನು ಹಿಡಿದಂತೆ ಹೆಬ್ಬೆರಳು, ತೋರುಬೆರಳು, ನಡುಬೆರಳಿನಿಂದ ಹಿಡಿಯಿರಿ. ಆಡುವುದು ಇದೊಂದೇ. ತುದಿಗಳು ಸಮವಾಗುವಂತೆ ತಟ್ಟೆಗೆ ಒಮ್ಮೆ ಕುಟ್ಟಿಕೊಳ್ಳಿ. ಕಡ್ಡಿ ಜಾರುವುದಕ್ಕೆ ಹೆಚ್ಚಿನ ಸಲ ಕಾರಣ ತುದಿಯ ಹತ್ತಿರ ಹಿಡಿಯುವುದು. ಮೇಲಿನ ಮೂರನೇ ಒಂದು ಭಾಗದಲ್ಲಿ ಹಿಡಿದರೆ ಬಲ ಸಿಗುತ್ತದೆ.

ಅನ್ನದಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಬೇಡಿ, ಚೀನಾ, ಜಪಾನಿನಲ್ಲಿ ಅದು ಸತ್ತವರಿಗೆ ಎಡೆ ಇಡುವ ರೀತಿ. ಎಲ್ಲದಕ್ಕೂ ಕಡ್ಡಿಯೇ ಬೇಕೆಂದಿಲ್ಲ. ಥಾಯ್ ಜನ ಅನ್ನ-ಕರಿಯನ್ನು ಚಮಚ, ಫೋರ್ಕಿನಲ್ಲೇ ತಿನ್ನುತ್ತಾರೆ. ಸುಶಿಯನ್ನು ಕೈಯಲ್ಲಿ ತಿನ್ನುವುದು ಜಪಾನಿನಲ್ಲೂ ಸರಿಯಾದ ಕ್ರಮವೇ. ಅದ್ದುವಾಗ ಮಾತ್ರ ಅನ್ನದ ಬದಿ ಬೇಡ, ಮೀನಿನ ಬದಿ ಅದ್ದಿ. ಅನ್ನ ಸಾಸು ಹೀರಿದರೆ ಉಪ್ಪಾಗಿ ಒಡೆದುಹೋಗುತ್ತದೆ.

ಅದೇ ಹೋಟೆಲು, ಅದೇ ನೂಡಲ್ಸ್. ಭಾನುವಾರ ಮಾತ್ರ ಯಾಕೆ ಮುದ್ದೆಯಾಗಿರುತ್ತದೆ?

ಬಾಣಲೆ ತುಂಬಿದ್ದಕ್ಕೆ. ವಾಕ್ ಅಡುಗೆಯ ಹೊಗೆಪರಿಮಳ ಬರುವುದು ಲೋಹ ಕೆಂಡದಂತೆ ಕಾದು, ತೇವ ಬಿದ್ದ ಕ್ಷಣವೇ ಆವಿಯಾದಾಗ. ಗೋವಾ ಕಡೆಯ ಪ್ರವಾಸಿಗರೂ ಸೇರಿ ಮೇಜುಗಳು ತುಂಬಿದಾಗ ಮೂರು ಮೇಜಿನ ನೂಡಲ್ಸ್ ಒಂದೇ ಬಾಣಲೆಗೆ ಬೀಳುತ್ತದೆ. ಬಾಣಲೆ ತಣಿಯುತ್ತದೆ, ಎಲೆಕೋಸು ನೀರು ಬಿಡುತ್ತದೆ, ಹುರಿಯಬೇಕಾದದ್ದು ಬೇಯುತ್ತದೆ. ರಜೆಯ ದಿನ ರಾತ್ರಿ ಏಳೂಕಾಲರ ಒಳಗೆ ಹೋಗಿ ಕೂತರೆ ಇದು ತಪ್ಪುತ್ತದೆ. ಇಬ್ಬರೂ ಎರಡು ಪ್ಲೇಟ್ ನೂಡಲ್ಸ್ ಹೇಳುವ ಬದಲು ಒಂದು ನೂಡಲ್ಸ್, ಒಂದು ಫ್ರೈಡ್ ರೈಸ್ ಹೇಳಿ, ಆಗ ಬಾಣಲೆ ಎರಡು ಸಲ ಕಾಯಲೇಬೇಕು. ಜನ ತುಂಬಿದ್ದರೆ ಕರಿ, ಹಬೆಯ ತಿನಿಸು ಆರಿಸಿ. ಅವಕ್ಕೆ ಗದ್ದಲ ತಟ್ಟುವುದಿಲ್ಲ.

ಅಲರ್ಜಿ ಇದ್ದರೆ?

ಕೂತ ಕೂಡಲೇ, ಮೆನು ತೆರೆಯುವ ಮೊದಲು ಹೇಳಿ. ಶೇಂಗಾ ಅಲರ್ಜಿಯವರಿಗೆ ಕಡ್ಡಿಗೆ ಚುಚ್ಚಿ ಸುಟ್ಟ ಸಾತೆಯ ಸಾಸು, ಪ್ಯಾಡ್ ಥಾಯ್, ಪಪ್ಪಾಯಿ ಸಲಾಡ್ ಮೂರೂ ಅಪಾಯ. ಸಿಗಡಿ, ಏಡಿ ಆಗದವರು ಥಾಯ್ ಕರಿ ಪೇಸ್ಟನ್ನೂ ನಂಬುವಂತಿಲ್ಲ. ಗೋಧಿ ಆಗದವರಿಗೆ ಸೋಯಾ ಸಾಸೇ ಆಗದು, ಅದನ್ನು ಸಾಮಾನ್ಯವಾಗಿ ಸೋಯಾ, ಗೋಧಿ ಎರಡನ್ನೂ ಹುದುಗಿಸಿ ಮಾಡುತ್ತಾರೆ. ಉಸಿರು ಕಟ್ಟುವಂಥ ಅಲರ್ಜಿ ಇದ್ದರೆ ಒಂದೇ ಬಾಣಲೆಯ ಅಡುಗೆಮನೆಯಲ್ಲಿ ಉಣ್ಣಲೇಬೇಡಿ.

ಬಿಲ್ಲಿನಲ್ಲಿ ಏನು ನೋಡಬೇಕು?

ಬೀದಿಯ ಸಾಮಾನ್ಯ ಹೋಟೆಲಿಗೆ ಜಿಎಸ್‌ಟಿ 5 ಶೇಕಡ, ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. 800 ರೂಪಾಯಿ ಊಟಕ್ಕೆ 40 ಸೇರಿ 840. ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ತೆರಿಗೆಯನ್ನು ತಾವೇ ಕಟ್ಟುವ) ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಬಿಲ್ಲಿನ ಮೇಲೆ ಆ ಪದವಿದ್ದೂ ತೆರಿಗೆ ಸೇರಿಸಿದ್ದರೆ ಕೇಳಿ. ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜುಲೈ ಮಾರ್ಗಸೂಚಿಯಂತೆ ಅದನ್ನು ತಾನಾಗಿ ಸೇರಿಸುವಂತಿಲ್ಲ, ತೆಗೆಯಿರಿ ಎನ್ನಬಹುದು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915. ಬಡಿಸಿದವರ ಕೆಲಸ ಮೆಚ್ಚಿಗೆಯಾದರೆ ಹಣವನ್ನು ಅವರ ಕೈಗೇ ಕೊಡಿ.

ಒಬ್ಬರು ಸಿಗಡಿ ತಿಂದು ಇನ್ನೊಬ್ಬರು ತರಕಾರಿ ತಿಂದಿದ್ದರೆ ಸಮಪಾಲು ನ್ಯಾಯವಲ್ಲ. ಹಂಚಿಕೊಂಡದ್ದನ್ನು ಅರ್ಧ ಮಾಡಿ, ಸಿಗಡಿಯದ್ದನ್ನು ತಿಂದವರೇ ಕೊಡುವುದು ಸರಿ.

ಉಳಿದದ್ದನ್ನು ಪಾರ್ಸೆಲ್ ತರಬಹುದೇ?

ಸುಶಿ ಬೇಡ. ಕರಿ, ಅನ್ನ, ನೂಡಲ್ಸ್ ತರಬಹುದು. ಬೆಂದ ಅನ್ನದಲ್ಲಿ ಬೆಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕ ಬೇಯಿಸಿದರೂ ಉಳಿದಿರುತ್ತದೆ, ಬೆಚ್ಚಗಿಟ್ಟರೆ ಬೆಳೆದು ವಾಂತಿ ತರುವ ವಿಷ ಬಿಡುತ್ತದೆ. ಬಿಸಿ ಮಾಡಿದರೂ ಆ ವಿಷ ಹೋಗದು. ಮೇಜಿಗೆ ಬಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಏಪ್ರಿಲ್–ಮೇ ಸೆಕೆಯಲ್ಲಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಕಾರವಾರದಲ್ಲಿ ಉಂಡು ಶಿರಸಿಗೆ ಘಟ್ಟ ಹತ್ತಿ ಹೋಗುವವರು ಅನ್ನ ಕಟ್ಟಿಸಿಕೊಳ್ಳಬಾರದು.

ಗರಿಗರಿ ತಿಂಡಿಗೆ ಸಾಸು ಬೇರೆ ಡಬ್ಬಿಯಲ್ಲಿ ಹಾಕಿಸಿ, ತಿಂಡಿಯ ಡಬ್ಬಿಯ ಮುಚ್ಚಳ ಸ್ವಲ್ಪ ತೆರೆದಿಡಿ. ಮರುದಿನ ನೂಡಲ್ಸ್ ಬಿಸಿ ಮಾಡುವಾಗ ಎಣ್ಣೆ ಬೇಡ, ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ, ಹಬೆ ಜೋರಾಗಿ ಏಳುವವರೆಗೆ ಇಡಿ. ಗ್ರೀನ್ ಕರಿಯನ್ನು ಕುದಿ ಬರುವಷ್ಟು ಬಿಸಿ ಮಾಡಿ ಕೂಡಲೇ ಇಳಿಸಿ. ಹೆಚ್ಚು ಹೊತ್ತು ಕುದಿಸಿದರೆ ತೆಂಗಿನಹಾಲು ಒಡೆದು ಎಣ್ಣೆ ಬಿಡುತ್ತದೆ.